ಗ್ಯಾಸ್‌ನಲ್ಲಿ ಮಾತ್ರ ಮಿಸ್ ಹೊಡೆಯುವ ಪಿಕಪ್

ಪೆಟ್ರೋಲ್‌ನಲ್ಲಿ ಸರಿಯಾಗಿ ಓಡುವ ಗಾಡಿ ಸಿಎನ್‌ಜಿಗೆ ಹಾಕಿದ ಕೂಡಲೇ ಮಿಸ್ ಹೊಡೆದರೆ, ಅಂದರೆ ಒಂದು ಸಿಲಿಂಡರ್ ಆಗಾಗ ಉರಿಯದೆ ಜರ್ಕು ಬಂದರೆ, ನಮ್ಮ ಕಡೆ ಎಲ್ಲರೂ ಬೈಯುವುದು ಗ್ಯಾಸ್ ಕಿಟ್ಟನ್ನ. ನಾನು ಮೊದಲು ನೋಡುವುದು ಕಿಡಿ ಹಾರಿಸುವ ಪ್ಲಗ್ಗನ್ನ.

ಕೋಲಾರದಲ್ಲಿ ಎಪಿಎಂಸಿ ಕಡೆ ಗ್ಯಾರೇಜ್ ಇಟ್ಟುಕೊಂಡವನಿಗೆ ಟೊಮೇಟೊ ಸೀಸನ್ ಅಂದರೆ ಮಿಸ್‌ಫೈರ್ ಸೀಸನ್ನೇ. ಖಾಲಿ ಗಾಡಿಯಲ್ಲಿ ಮಲಗಿದ್ದ ಕಾಯಿಲೆಯೆಲ್ಲ ಕ್ರೇಟು ತುಂಬಿಕೊಂಡು ಏರು ಹತ್ತುವಾಗ ಎದ್ದು ಕೂರುತ್ತೆ. ಈ ಸಲ ಬಂದದ್ದು ಬಂಗಾರಪೇಟೆ ಕಡೆಯ ಹುಡುಗನ ಗಾಡಿ. ನಾಲ್ಕು ಸಿಲಿಂಡರ್, ಪೆಟ್ರೋಲ್ ಜೊತೆ ಸಿಎನ್‌ಜಿ, ಸೀಟು ಎತ್ತಿದರೆ ಕೆಳಗೇ ಇಂಜಿನ್.

"ಅಣ್ಣಾ, ಚಿತ್ತೂರಿಂದ ವಾಪಸ್ ಬರ್ತಾ ಮೊಗಿಲಿ ಘಾಟಿಯಲ್ಲಿ ಥರ್ಡ್‌ಗೆ ಹಾಕಿ ರೇಸ್ ಕೊಟ್ರೆ ಹಿಡಿದು ಹಿಡಿದು ಎಳೆಯುತ್ತೆ. ಪೆಟ್ರೋಲ್‌ಗೆ ಹಾಕಿದ್ರೆ ಏನೂ ಇಲ್ಲ."

"ಇಂಜಿನ್ ಲೈಟು ಸುಮ್ಮನೆ ಉರೀತಿತ್ತೋ, ಮಿಣುಕ್ತಿತ್ತೋ?"

"ಮಿಣುಕ್ತಿತ್ತು."

ಈ ಪ್ರಶ್ನೆ ನಾನು ಎಲ್ಲರಿಗೂ ಕೇಳ್ತೀನಿ. ಲೈಟು ಒಂದೇ ಸಮ ಉರಿದರೆ ನಿಧಾನವಾಗಿ ಗ್ಯಾರೇಜ್‌ವರೆಗೆ ಬರಬಹುದು. ಮಿಣುಕುತ್ತಿದ್ದರೆ ಸುಡದ ಇಂಧನ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತಿದೆ ಅಂತ ಅರ್ಥ. ಆಗ ರೇಸ್ ಬಿಡಬೇಕು. ಅದರೊಳಗಿನ ಜಾಲರಿ ಕರಗಿದರೆ ಮಿಸ್‌ಫೈರ್ ರಿಪೇರಿಯ ಖರ್ಚು ಅದರ ಮುಂದೆ ಲೆಕ್ಕಕ್ಕೇ ಬರಲ್ಲ.

ಬೇರೆ ಕಡೆ ಆಗಲೇ ಇಂಜಿನ್ನಿಗೆ ಗ್ಯಾಸ್ ಬಿಡುವ ಇಂಜೆಕ್ಟರ್ ರೇಲ್ ಬದಲಾಯಿಸಿದ್ದರು, ನಾಲ್ಕೂ ಪ್ಲಗ್ ಹೊಸದು ಹಾಕಿದ್ದರು. ಸ್ವಲ್ಪ ದಿನ ಸರಿಯಿದ್ದು ಮತ್ತೆ ಶುರು. ಈ "ಸ್ವಲ್ಪ ದಿನ ಸರಿಯಿತ್ತು" ಅನ್ನೋ ಮಾತನ್ನ ನಾನು ಕಿವಿಗೆ ಹಾಕಿಕೊಂಡೆ.

ಗ್ಯಾಸ್‌ನಲ್ಲೇ ಯಾಕೆ ಮಿಸ್ ಕಾಣುತ್ತೆ ಅನ್ನೋದಕ್ಕೆ ಕಾರಣ ಇದೆ. ಸಿಎನ್‌ಜಿ ಮತ್ತು ಗಾಳಿಯ ಮಿಶ್ರಣದಲ್ಲಿ ಕಿಡಿ ಹಾರಿಸೋಕೆ ಪೆಟ್ರೋಲ್‌ಗಿಂತ ಹೆಚ್ಚು ವೋಲ್ಟೇಜ್ ಬೇಕು. ಲೋಡು ಹಾಕಿ ರೇಸ್ ಒತ್ತಿದರೆ ಸಿಲಿಂಡರ್ ಒಳಗಿನ ಒತ್ತಡ ಏರಿ ಇನ್ನೂ ಹೆಚ್ಚು ಬೇಕಾಗುತ್ತೆ. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಗ್ಯಾಪು ಸವೆದು ಅಗಲ ಆಗಿದ್ದರೆ ಮತ್ತೂ ಹೆಚ್ಚು. ಅಷ್ಟು ವೋಲ್ಟೇಜ್ ಏರುವ ಹೊತ್ತಿಗೆ ಹೊರಗಡೆ ಎಲ್ಲಾದರೂ ಸುಲಭದ ದಾರಿ ಸಿಕ್ಕಿದರೆ ಕರೆಂಟು ಆ ಕಡೆಯೇ ಹೋಗುತ್ತೆ, ಒಳಗೆ ಕಿಡಿ ಇಲ್ಲ. ಹಾಗಾಗಿ ಇಗ್ನಿಷನ್ ಸ್ವಲ್ಪ ಸೋತಿದ್ದರೂ ಮೊದಲು ಗೊತ್ತಾಗೋದು ಗ್ಯಾಸ್‌ನಲ್ಲಿ. ಎರಡು ಇಂಧನದ ಗಾಡಿಯ ಆ ಸ್ವಿಚ್ಚು ನನ್ನ ಮಟ್ಟಿಗೆ ಬಿಟ್ಟಿ ಸಿಕ್ಕ ಟೆಸ್ಟಿಂಗ್ ಮೆಷಿನ್ನು. ಹುಡುಗನನ್ನ ಕೆದಕಿದರೆ, ಪೆಟ್ರೋಲ್‌ನಲ್ಲೂ ಪೂರ್ತಿ ಒತ್ತಿ ಏರಿಸುವಾಗ ಅಪರೂಪಕ್ಕೆ ಒಂದು ಜರ್ಕು ಬರುತ್ತೆ ಅಂದ. ಗ್ಯಾಸ್ ಕಿಟ್ಟಿನ ಮೇಲಿನ ಅನುಮಾನ ನನಗೆ ಅಲ್ಲಿಗೇ ಮುಗಿಯಿತು.

ಸ್ಕ್ಯಾನರ್ ಹಾಕಿದಾಗ ಬಂದದ್ದು ಪಿ0303, ಅಂದರೆ ಮೂರನೇ ಸಿಲಿಂಡರ್. ಇಲ್ಲೊಂದು ಮಾತು. ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರು, ಕಿಡಿಯನ್ನ ಕಣ್ಣಿಟ್ಟು ನೋಡಲ್ಲ. ಅದು ನೋಡೋದು ಪಿಸ್ಟನ್ನುಗಳು ತಿರುಗಿಸುವ ದಂಡ, ಕ್ರ್ಯಾಂಕ್, ತಿರುಗುವ ವೇಗವನ್ನ. ಒಂದೊಂದು ಸಿಲಿಂಡರ್ ಉರಿದಾಗಲೂ ಕ್ರ್ಯಾಂಕ್‌ಗೆ ಒಂದು ನೂಕು ಸಿಗಬೇಕು. ಮೂರನೆಯದರ ಸರದಿಯಲ್ಲಿ ಆ ನೂಕು ಬರಲಿಲ್ಲ ಅಂತಷ್ಟೇ ಕೋಡ್ ಹೇಳೋದು. ಪ್ಲಗ್ಗೋ, ಪ್ಲಗ್ಗಿಗೆ ಹೈ ವೋಲ್ಟೇಜ್ ಕೊಡುವ ಕಾಯಿಲೋ, ಇಂಜೆಕ್ಟರ್ರೋ, ವಾಲ್ವ್ ಕೂರ್ತಿಲ್ವೋ, ಅದು ನಮ್ಮ ಕೆಲಸ.

ಮೂರರ ಕಾಯಿಲ್ ತೆಗೆದು ಒಂದಕ್ಕೆ ಹಾಕಿದೆ, ಒಂದರದ್ದು ಮೂರಕ್ಕೆ. ಕೋಡ್ ಅಳಿಸಿ, ಹಿಂದೆ ಮರಳು ಮೂಟೆ ಹೇರಿ, ತೇರಹಳ್ಳಿ ಬೆಟ್ಟದ ಏರಿಗೆ ಗ್ಯಾಸ್‌ನಲ್ಲೇ ಹತ್ತಿಸಿದ್ವಿ. ಶೆಡ್ಡಿನಲ್ಲಿ ನಿಲ್ಲಿಸಿ ರೇಸ್ ಮಾಡಿ ನೋಡೋದರಿಂದ ಈ ಥರದ ಮಿಸ್ ಸಿಗಲ್ಲ, ಲೋಡು ಬೇಕೇ ಬೇಕು. ಕೋಡ್ ಒಂದಕ್ಕೆ ಹೋದರೆ ಕಾಯಿಲ್ ಕೆಟ್ಟಿದೆ, ಮೂರರಲ್ಲೇ ಉಳಿದರೆ ಕಾಯಿಲ್ ಸರಿಯಿದೆ. ಲೆಕ್ಕ ಅಷ್ಟು ಸುಲಭ. ಆದರೆ ಬಂದದ್ದು ಎರಡೂ: ಪಿ0301, ಪಿ0303. ಹುಡುಗನ ಮುಖ ಬಾಡಿತು. ಇಸಿಯುನೇ ಹೋಗಿದೆ ಅಂತ ಯಾರೋ ಅವನಿಗೆ ಮೊದಲೇ ಹೆದರಿಸಿದ್ದರು.

ಮೂರರ ಪ್ಲಗ್ ಬಿಚ್ಚಿ ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಹಿಡಿದೆ. ಕೆಳಗಿನ ತುದಿ ಚೆನ್ನಾಗಿಯೇ ಇತ್ತು, ಗ್ಯಾಪು ಫೀಲರ್ ಗೇಜ್‌ಗೆ ಸರಿಯಾಗಿ ಬಂತು. ಎಲ್ಲರೂ ನೋಡೋದು ಅಷ್ಟೇ. ಮೇಲಿನ ಬಿಳಿ ಪಿಂಗಾಣಿಯನ್ನ ತಿರುಗಿಸಿದರೆ ಒಂದು ಬದಿಯಲ್ಲಿ, ತುದಿಯಿಂದ ಕೆಳಗಿನ ಕಬ್ಬಿಣದ ನಟ್ಟಿನವರೆಗೂ, ಪೆನ್ಸಿಲ್ ಗೀಟಿನಷ್ಟು ತೆಳ್ಳಗೆ ಕಪ್ಪು ಗೆರೆ. ಉಗುರಲ್ಲಿ ಕೆರೆದರೂ ಹೋಗಲ್ಲ. ಮೊದಲು ಮೂರರಲ್ಲಿದ್ದ ಕಾಯಿಲ್ಲಿನ ರಬ್ಬರ್ ಬೂಟು, ಅಂದರೆ ಪ್ಲಗ್ಗಿನ ಮೇಲೆ ಕೂರುವ ಟೋಪಿ, ಅದರ ಒಳಗೆ ಟಾರ್ಚ್ ಬಿಟ್ಟರೆ ಅಲ್ಲೂ ಅದೇ ಗೆರೆ, ರಬ್ಬರ್ ಬೇರೆ ಮೆತ್ತಗಾಗಿ ಊದಿಕೊಂಡಿತ್ತು. ಕರೆಂಟು ಗ್ಯಾಪಿಗೆ ಹೋಗದೆ ಪಿಂಗಾಣಿಯ ಹೊರಮೈ ಮೇಲಿಂದಲೇ ಇಂಜಿನ್ನಿನ ಲೋಹದ ಮೈಗೆ ಜಾರಿಕೊಳ್ಳುತ್ತಿತ್ತು. ಒಮ್ಮೆ ಅಲ್ಲಿ ಇಂಗಾಲದ ದಾರಿ ಬಿದ್ದರೆ ಅದು ಅಳಿಯಲ್ಲ.

ಎರಡು ಕೋಡ್ ಬಂದದ್ದಕ್ಕೂ ಇದೇ ಉತ್ತರ. ಕೆಟ್ಟ ಬೂಟು ಕಾಯಿಲ್ ಜೊತೆ ಒಂದಕ್ಕೆ ಹೋಯ್ತು, ಗೆರೆ ಬಿದ್ದ ಪ್ಲಗ್ ಮೂರರಲ್ಲೇ ಉಳೀತು. ಹೊಸ ಪ್ಲಗ್ ಸ್ವಲ್ಪ ದಿನ ಮಾತ್ರ ಬಾಳಿದ್ದೂ ಅದಕ್ಕೇ. ಹಳೇ ಬೂಟು ಹೊಸ ಪಿಂಗಾಣಿಯನ್ನೂ ಸುಟ್ಟಿತ್ತು.

ಬೂಟು ಊದಿದ್ದು ಯಾಕೆ? ಮೂರನೇ ಪ್ಲಗ್ ಗುಂಡಿಯ ತಳದಲ್ಲಿ ಆಯಿಲ್ ನಿಂತಿತ್ತು. ಇಂಜಿನ್ ತಲೆ ಮುಚ್ಚುವ ಟ್ಯಾಪೆಟ್ ಕವರ್ರಿನ ಪ್ಯಾಕಿಂಗು, ಗುಂಡಿಯ ಸುತ್ತಲಿನ ಸೀಲು, ಎರಡೂ ಬಿಸಿಗೆ ಗಟ್ಟಿಯಾಗಿ ಸೋರುತ್ತಿದ್ದವು. ಪ್ಯಾಕಿಂಗು, ಸೀಲು, ನಾಲ್ಕು ಬೂಟು ಬದಲಾಯಿಸಿ, ಒಂದಕ್ಕೂ ಮೂರಕ್ಕೂ ಹೊಸ ಪ್ಲಗ್ ಹಾಕಿದೆ. ಒಂದರ ಪ್ಲಗ್ಗನ್ನ ಯಾಕೆ ಬದಲಾಯಿಸಿದೆ ಅಂದರೆ, ಆ ಒಂದು ಏರಿನಲ್ಲೇ ಅದರ ಮೇಲೂ ಮಸುಕಾಗಿ ಗೆರೆ ಮೂಡಲು ಶುರುವಾಗಿತ್ತು.

ಐಡ್ಲಿಂಗ್‌ನಲ್ಲಿ ಒಂದೊಂದೇ ಕಾಯಿಲ್ಲಿನ ಸಾಕೆಟ್ ಎಳೆದು ಇಂಜಿನ್ ಸದ್ದು ಬದಲಾಗುತ್ತಾ ಅಂತ ಕೇಳುವ ಹಳೇ ಪದ್ಧತಿ ಇದೆಯಲ್ಲ, ಈಗಿನ ಗಾಡಿಗಳಲ್ಲಿ ನನಗದು ಇಷ್ಟ ಇಲ್ಲ. ಕಿಡಿ ನಿಂತರೂ ಇಂಜೆಕ್ಟರ್ ಇಂಧನ ಬಿಡುತ್ತಲೇ ಇರುತ್ತೆ, ಅದೆಲ್ಲ ಕನ್ವರ್ಟರ್‌ಗೆ. ಎಳೆಯಲೇಬೇಕು ಅಂದರೆ ಇಂಜೆಕ್ಟರ್ ಸಾಕೆಟ್ ಎಳೆಯಿರಿ. ಡೀಸೆಲ್ ಪಿಕಪ್‌ನವರು ಇದನ್ನ ಓದಿ ಹಳೇ ಕಾಲದ ಹಾಗೆ ಇಂಜೆಕ್ಟರ್ ಪೈಪಿನ ನಟ್ಟು ಸಡಿಲ ಮಾಡೋಕೆ ಹೋಗಬೇಡಿ. ಈಗಿನ ಡೀಸೆಲ್ ಇಂಜೆಕ್ಟರ್‌ಗಳಿಗೆ ಇಂಧನ ಕೊಡುವ ಕಾಮನ್ ರೇಲ್‌ನಲ್ಲಿ ಒತ್ತಡ 1,000 ಬಾರ್ ದಾಟುತ್ತೆ, ಚಿಮ್ಮಿದ ಡೀಸೆಲ್ ಚರ್ಮದೊಳಗೇ ನುಗ್ಗುತ್ತೆ.

ಮತ್ತೆ ಅದೇ ಬೆಟ್ಟ, ಅದೇ ಮೂಟೆ, ಗ್ಯಾಸ್‌ನಲ್ಲೇ ಹತ್ತಿಸಿದ್ವಿ. ಲೈಟು ಬರಲಿಲ್ಲ. ಬಿಲ್ಲು ನೋಡಿ ಹುಡುಗ ಇಷ್ಟೇನಾ ಅಂದ. ಇಂಜೆಕ್ಟರ್ ರೇಲಿಗೆ ಸಾವಿರಗಳ ಲೆಕ್ಕದಲ್ಲಿ ಕೊಟ್ಟು ಬಂದಿದ್ದನಲ್ಲ. ಬಿಚ್ಚಿದ ಹಳೇ ರೇಲು ಎಲ್ಲಪ್ಪಾ ಅಂತ ಕೇಳಿದೆ. ಅಲ್ಲೇ ಬಿಟ್ಟು ಬಂದೆ ಅಂದ. ನಾಳೆ ಆ ಕಡೆ ಲೋಡು ಇದ್ದರೆ ಹೋಗಿ ಕೇಳಿ ಇಸ್ಕೊಂಡು ಬಾ, ಅದರಲ್ಲಿ ಏನೂ ಕೆಟ್ಟಿರಲ್ಲ, ಸ್ಪೇರ್ ಆಗುತ್ತೆ ಅಂದೆ.