ಸೈಕಲ್ ಬೀಗ: ತೆಳು ಕೇಬಲ್ ನಂಬಬೇಡಿ

ಮೆಟ್ರೋ ಸ್ಟೇಷನ್ ಹೊರಗೆ ದಿನವಿಡೀ ಸೈಕಲ್ ನಿಲ್ಲಿಸುವುದಾದರೆ ನಂಬರ್ ತಿರುಗಿಸುವ ತೆಳು ಕೇಬಲ್ ಬೀಗ ಬೇಡ. ಒಳಗಿರುವುದು ಹೆಣೆದ ತಂತಿ. ಕಟಿಂಗ್ ಪ್ಲೇಯರ್‌ಗೆ ಎಳೆ ಎಳೆಯಾಗಿ ತುಂಡಾಗುತ್ತದೆ. ಗಟ್ಟಿ ಉಕ್ಕಿನ, ಕನಿಷ್ಠ 13 ಮಿ.ಮೀ. ದಪ್ಪದ ಯು-ಲಾಕ್ (ಇಂಗ್ಲಿಷ್ U ಆಕಾರದ ಬೀಗ) ತಗೊಳ್ಳಿ, ಸೈಜ್ ಚಿಕ್ಕದಿರಲಿ. ಕಂಬ, ಫ್ರೇಮ್, ಹಿಂದಿನ ಚಕ್ರ ಮೂರೂ ಅದರೊಳಗೆ ಬರಬೇಕು. ಒಳಗೆ ಜಾಗ ಉಳಿದಷ್ಟೂ ರಾಡ್ ತೂರಿಸಿ ಮೀಟುವುದು ಸುಲಭ. ಕೀಲಿಕಿಂಡಿ ಕೆಳಮುಖವಾಗಿರಲಿ, ಮಳೆನೀರು ನಿಂತರೆ ತುಕ್ಕು ಹಿಡಿದು ಕೀಲಿಯೇ ತಿರುಗದು.

ಕಂಬವನ್ನೂ ಒಮ್ಮೆ ಅಲ್ಲಾಡಿಸಿ ನೋಡಿ. ನೋ ಪಾರ್ಕಿಂಗ್ ಬೋರ್ಡಿನ ಗಿಡ್ಡ ಕಂಬವಾದರೆ ಸೈಕಲ್ಲನ್ನು ಬೀಗದ ಸಮೇತ ಮೇಲಕ್ಕೆತ್ತಿ ಒಯ್ಯಬಹುದು! ಕೇಬಲ್ ಈಗಾಗಲೇ ಇದೆಯೇ? ಮುಂದಿನ ಚಕ್ರಕ್ಕೆ ಸುತ್ತಿ, ಯು-ಲಾಕ್‌ಗೆ ಸಿಕ್ಕಿಸಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲೂ ಇಷ್ಟೇ ಬಿಗಿ ಬೇಕು, ಸೆಕ್ಯೂರಿಟಿ ಇದ್ದರೂ. ಸಾಮಾನ್ಯವಾಗಿ ಪೆಡಲ್ ಅಚ್ಚಿನ ಅಡಿಯಲ್ಲಿ ಕೊರೆದಿರುವ ಫ್ರೇಮ್ ನಂಬರಿನ ಫೋಟೋ, ಬಿಲ್ ಜೊತೆ ಇಟ್ಟುಕೊಳ್ಳಿ. ಪೊಲೀಸ್ ದೂರಿಗೆ ಬೇಕಾಗುತ್ತದೆ.