ಹೌದು, ಅರ್ಥ ಏನು ಅಂತ ಕೇಳಿದ್ದೇನೆ

ಕೇಳಿದ್ದೇನೆ. ಅವರ ಚಿತ್ರದ ಅರ್ಥ ಏನು ಅಂತ ಕಲಾವಿದರನ್ನೇ, ಒಂದು ಸಲ ಅಲ್ಲ, ಹತ್ತಾರು ಸಲ ಕೇಳಿದ್ದೇನೆ. ಮದುವೆ ಮನೆಯ ಪಂಕ್ತಿಯಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಮುಂದೆ ಬಾಯಿ ಬಿಟ್ಟುಕೊಂಡು ಮಲಗಿದ್ದಾಗಲೂ ನನಗೆ "ಅವರನ್ನೇ ಕೇಳಿದ್ರಾ?" ಅನ್ನುವ ಪ್ರಶ್ನೆ ಬಂದಿದೆ. ಆಗ ಉತ್ತರ ಕೊಡಲು ಆಗಲಿಲ್ಲ. ಆಮೇಲೆ ಮನಸ್ಸಾಗಲಿಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಲಿಂಕ್ ಕಳಿಸಿ ನಾನು ಊಟ ಮುಂದುವರಿಸುತ್ತೇನೆ.

ವಿಷಯ ಇಷ್ಟೇ. ಎಂಟು ವರ್ಷದಿಂದ ನಾನು ಈಗಿನ ಕಲಾವಿದರನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿ, ಆ ಮಾತನ್ನು ಕನ್ನಡದಲ್ಲಿ ಬರೆಯುತ್ತೇನೆ. ಚಿತ್ರ ಬರೆಯುವವರು, ಶಿಲ್ಪ ಮಾಡುವವರು, ಒಂದು ಕೋಣೆ ತುಂಬ ಏನೋ ತೂಗುಹಾಕಿ ಇನ್‌ಸ್ಟಲೇಶನ್ ಅನ್ನುವವರು, ಎಲ್ಲರೂ. ಹೊಟ್ಟೆಪಾಡಿಗೆ ಬೇರೆ ಕೆಲಸ ಇದೆ, ಇದು ಭಾನುವಾರದ್ದು. ಈ ವಿಷಯ ಹೇಳಿದ ಕೂಡಲೇ ಎದುರಿನವರ ಮುಖದಲ್ಲಿ ಒಂದು ನಗು ಬರುತ್ತದೆ. ಕಳ್ಳನನ್ನು ಬಲ್ಲವನು ಸಿಕ್ಕಿದ ಅನ್ನುವಂಥ ನಗು. ಆಮೇಲೆ, "ಹಂಗಾದ್ರೆ ಅವರ ಚಿತ್ರದ ಅರ್ಥ ಏನು ಅಂತ ಅವರನ್ನೇ ಕೇಳಬಹುದಲ್ವಾ? ಕೇಳಿದ್ರಾ?"

ಪ್ರಶ್ನೆಗಿಂತ ಅದನ್ನು ಕೇಳುವ ಧಾಟಿ ನನಗೆ ಸಿಟ್ಟು ತರಿಸುವುದು. ಕಲಾವಿದರು ಅರ್ಥವನ್ನು ಎಲ್ಲೋ ಬಚ್ಚಿಟ್ಟಿದ್ದಾರೆ, ನಾನು ಹೋಗಿ ಬೆದರಿಸಿದರೆ ಬಾಯಿಬಿಡುತ್ತಾರೆ ಅನ್ನುವ ಹಾಗೆ. ಕೆಲವರು "ಒಂದೇ ಮಾತಲ್ಲಿ ಹೇಳಿ" ಅನ್ನುತ್ತಾರೆ. ಇನ್ನು ಕೆಲವರು "ತಪ್ಪು ತಿಳ್ಕೋಬೇಡಿ, ಸುಮ್ನೆ ಕೇಳ್ತಿದೀನಿ" ಅಂತ ಶುರು ಮಾಡುತ್ತಾರೆ. ಸುಮ್ನೆ ಕೇಳಿದ ಪ್ರಶ್ನೆ ಯಾವತ್ತಾದರೂ ಸುಮ್ಮನೆ ಬಿಟ್ಟಿದ್ದುಂಟಾ? ಹಿಂದೆಯೇ "ನಮ್ಮ ಪಾಪೂನೂ ಹಿಂಗೇ ಗೀಚ್ತಾನೆ" ಬಂದೇ ಬರುತ್ತದೆ. ಪಾಪು ಗೀಚಿದ್ದನ್ನು ನಾನು ನೋಡಿದ್ದೇನೆ. ಚೆನ್ನಾಗಿಯೇ ಇತ್ತು. ಅದು ಬೇರೆ ಮಾತು.

ಮೊದಲೆಲ್ಲ ತಾಳ್ಮೆಯಿಂದ ಸಂಗೀತದ ಉದಾಹರಣೆ ಕೊಡುತ್ತಿದ್ದೆ. ಆಲಾಪಕ್ಕೆ ಅರ್ಥ ಕೇಳ್ತೀರಾ, ಇಲ್ವಲ್ಲ ಅಂತ. ಒಮ್ಮೆ ನಮ್ಮ ಅತ್ತೆ, "ಅದಾದ್ರೂ ಕೇಳೋಕೆ ಚೆನ್ನಾಗಿರುತ್ತೆ ಕಣಪ್ಪ" ಅಂದರು. ಅವತ್ತಿಂದ ಆ ಉದಾಹರಣೆ ಬಿಟ್ಟೆ.

ಸರಿ, ಅರ್ಥ ಕೇಳಿದಾಗ ಕಲಾವಿದರು ಏನು ಹೇಳಿದರು? ಪ್ರದರ್ಶನದಲ್ಲಿ ಚಿತ್ರದ ಪಕ್ಕ ಗೋಡೆಗೆ ಅಂಟಿಸಿದ ಚೀಟಿಯಲ್ಲಿ ಏನಿತ್ತೋ ಅದನ್ನೇ ಹೇಳಿದರು. "ಸ್ಮೃತಿ ಮತ್ತು ಅವಕಾಶಗಳ ನಡುವಿನ ಅನುಸಂಧಾನ" ಥರದ್ದು. ಇದನ್ನು ಓದಿ ನೀವು ನಗುತ್ತಿರಬಹುದು. ನಗುವ ಹಕ್ಕು ನನಗಿಲ್ಲ, ಯಾಕಂದ್ರೆ ಇಂಥ ಚೀಟಿಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನಾನೇ ಮಾಡಿದ್ದೇನೆ, ಪುಟಕ್ಕಿಷ್ಟು ಅಂತ ದುಡ್ಡು ತಗೊಂಡು. ಅನುಸಂಧಾನ ಅನ್ನುವ ಪದ ನನಗೆ ಎಷ್ಟೋ ತಿಂಗಳ ಕರೆಂಟ್ ಬಿಲ್ ಕಟ್ಟಿದೆ. ಅಂದರೆ ಕಲಾವಿದರು ನನಗೆ ಉತ್ತರವಾಗಿ ಹೇಳಿದ್ದರಲ್ಲಿ ಕೆಲವು ನನ್ನದೇ ವಾಕ್ಯಗಳು.

ಈಗ ನಮ್ಮ ಭಾವನ ವಿಷಯಕ್ಕೆ ಬರುತ್ತೇನೆ. ನಿಜ ಹೇಳಬೇಕೆಂದರೆ ಇದನ್ನೆಲ್ಲ ಬರೆಯಲು ಕೂತಿದ್ದೇ ಅವರಿಂದ.

ಭಾವನದು ದಾವಣಗೆರೆಯಲ್ಲಿ ಪ್ಲೈವುಡ್ ಅಂಗಡಿ. ಯಾವುದೋ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದರು, ಮಧ್ಯಾಹ್ನ ಖಾಲಿ ಇದ್ದರು. ನಾನು ಚಿತ್ರಕಲಾ ಪರಿಷತ್ತಿನಲ್ಲಿ ಒಂದು ಪ್ರದರ್ಶನಕ್ಕೆ ಹೊರಟಿದ್ದೆ, ಬಾ ಅಂದ್ರೆ ಬಂದೇ ಬಿಟ್ಟರು. ಕಲಾವಿದರು ನನಗೆ ಪರಿಚಯ, ಹೆಸರು ಹೇಳುವುದಿಲ್ಲ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ರಿಟೈರ್ ಆದವರು. ಅವರ ಮೇಲೆ ಎರಡು ವರ್ಷ ಹಿಂದೆಯೇ ನಾನೊಂದು ಉದ್ದನೆ ಬರಹ ಬರೆದಿದ್ದೆ. ದೊಡ್ಡ ದೊಡ್ಡ ಚಿತ್ರಗಳು, ಏಳಡಿ ಅಗಲ, ಐದಡಿ ಎತ್ತರ. ಒಂದೊಂದೂ ಎರಡು ಕ್ಯಾನ್ವಾಸ್ ಅಕ್ಕಪಕ್ಕ ಸೇರಿಸಿದ್ದು, ನಡುವೆ ಬೆರಳು ತೂರುವಷ್ಟು ಸಂದು.

ಭಾವ ಒಂದು ಸುತ್ತು ಹಾಕಿದರು. ಕೈ ಹಿಂದೆ ಕಟ್ಟಿಕೊಂಡು, ಗೋಡೌನ್ ನೋಡುವ ಹಾಗೆ. ನಾನು ದೇವರನ್ನು ಬೇಡಿಕೊಳ್ಳುತ್ತಿದ್ದೆ. ದೇವರು ಕೇಳಿಸಿಕೊಳ್ಳಲಿಲ್ಲ.

"ಸರ್, ಇದು ಏನು ಇದರ ಅರ್ಥ?"

ಮೇಷ್ಟ್ರು ಎಲ್ಲರಿಗೂ ಹೇಳುವುದನ್ನೇ ಹೇಳಿದರು. "ನಿಮಗೆ ಏನು ಅನ್ನಿಸ್ತು?"

"ನನಗೆ ಅನ್ಸಿದ್ದು ನನಗೆ ಗೊತ್ತೈತಲ್ಲ. ನಿಮ್ಮದು ಹೇಳ್ರಿ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. ಸ್ಮೃತಿ ಬಂತು, ಅವಕಾಶ ಬಂತು. ಅನುಸಂಧಾನ ಬರುವಷ್ಟರಲ್ಲಿ ಭಾವ ಚಿತ್ರದ ಪಕ್ಕಕ್ಕೆ ಹೋಗಿ, ಗೋಡೆಗೆ ಕೆನ್ನೆ ತಾಗಿಸಿ, ಹಿಂದುಗಡೆ ಇಣುಕಿ ನೋಡುತ್ತಿದ್ದರು. ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು. ಬೆರಳಿನ ಗೆಣ್ಣಿನಿಂದ ಚೌಕಟ್ಟನ್ನು ಎರಡು ಸಲ ಟಕಟಕ ಅನ್ನಿಸಿದರು.

"ಸಿಲ್ವರ್ ಅಲ್ವಾ ಇದು?"

"ಹೌದು, ಸಿಲ್ವರ್ ಓಕ್."

"ಗೆದ್ದಲಿಗೆ ಹಬ್ಬ. ಮನೇಲಿ ಎಲ್ಲಿ ಇಡ್ತೀರಿ ಇವನ್ನೆಲ್ಲ? ಇಷ್ಟೂ ಮಾರಾಟ ಆಗ್ತಾವಾ?"

ಮೇಷ್ಟ್ರು ಒಂದು ನಿಮಿಷ ಏನೂ ಹೇಳಲಿಲ್ಲ. ಆಮೇಲೆ ಅಲ್ಲೇ ಇದ್ದ ಕುರ್ಚಿ ಎಳೆದು ಕೂತರು. ಸುಮಾರು ಒಂದೂವರೆ ಗಂಟೆ ಮಾತಾಡಿದರು. ಭಾವನ ಜೊತೆ. ನಾನು ಪಕ್ಕದಲ್ಲಿ ನಿಂತಿದ್ದೆ, ಫೋನಿನಲ್ಲಿ ರೆಕಾರ್ಡಿಂಗ್ ಹಾಕುವುದೂ ಮರೆತು.

ಬಾಡಿಗೆ ಮನೆ, ಎರಡನೇ ಮಹಡಿ, ಲಿಫ್ಟ್ ಇಲ್ಲ. ನೂರ ನಲವತ್ತು ಚಿತ್ರ. ಅಟ್ಟ ತುಂಬಿ, ಮಂಚದ ಕೆಳಗೆ ತುಂಬಿ, ಈಗ ಅಡುಗೆಮನೆಗೂ ಹಾಲಿಗೂ ನಡುವೆ ಒಂದು ಚಿತ್ರವೇ ಗೋಡೆಯಾಗಿ ನಿಂತಿದೆ. ಮುಖ ಹಾಲಿನ ಕಡೆಗೆ, ಬೆನ್ನು ಒಲೆಯ ಕಡೆಗೆ, ಬೆನ್ನಿಗೆಲ್ಲ ಒಗ್ಗರಣೆ ಸಿಡಿದ ಕಲೆ. ಮನೆ ಬದಲಾಯಿಸುವಾಗ ಒಂದಷ್ಟನ್ನು ಚೌಕಟ್ಟಿನಿಂದ ಬಿಚ್ಚಿ ಸುತ್ತಿಟ್ಟಿದ್ದಾರೆ. ಸುತ್ತುವಾಗ ಬಣ್ಣದ ಮುಖ ಹೊರಗೆ ಬರಬೇಕಂತೆ, ಒಳಗೆ ಮಾಡಿ ಸುತ್ತಿದರೆ ಬಣ್ಣ ಮುದುಡಿ ಸುಕ್ಕು ಬೀಳುತ್ತದೆ. ಅಕ್ರಿಲಿಕ್ಕಿನವನ್ನು ಮುಖಕ್ಕೆ ಮುಖ ಒರಗಿಸಿ ಇಡಬಾರದು. ಒಂದು ಏಪ್ರಿಲ್ ಸೆಕೆಯಲ್ಲಿ ಎರಡು ಚಿತ್ರ ಒಂದಕ್ಕೊಂದು ಅಂಟಿಕೊಂಡಿದ್ದವು, ಬಿಡಿಸಿದಾಗ ಇದರ ಆಕಾಶ ಅದರ ಮೇಲೆ ಬಂದಿತ್ತು. ಅದನ್ನು ಹಾಗೇ ಇಟ್ಟುಕೊಂಡಿದ್ದಾರೆ. "ಅದೇ ಚೆನ್ನಾಗಿದೆ ಅಂತಾಳೆ ನನ್ನ ಹೆಂಡ್ತಿ" ಅಂದರು.

ಭಾವ ಕೊನೆಗೆ ಕೇಳಿದ್ದು: "ಅಲ್ಲ ಸರ್, ಏಳಡಿದು ಮೆಟ್ಲಲ್ಲಿ ಹೆಂಗೆ ತಿರುಗಿಸ್ತೀರಿ?"

"ತಿರುಗಲ್ಲ ಅಂತ್ಲೇ ಎರಡು ತುಂಡು ಮಾಡಿದ್ದು."

ಇಲ್ಲಿ ಸ್ವಲ್ಪ ನಿಲ್ಲಬೇಕು. ಎರಡು ವರ್ಷ ಹಿಂದೆ ಬರೆದೆ ಅಂದೆನಲ್ಲ, ಆ ಬರಹದಲ್ಲಿ ನಾನು ಆ ಸಂದಿನ ಬಗ್ಗೆ ಒಂದಿಡೀ ಪ್ಯಾರಾ ಬರೆದಿದ್ದೆ. ಒಡೆದ ಮನಸ್ಸು, ಹಳ್ಳಿ ಮತ್ತು ನಗರ, ನಡುವಿನ ಬಿರುಕು. ಅದನ್ನು ಓದಿ ಮೂರು ಜನ ಫೋನ್ ಮಾಡಿ ಹೊಗಳಿದ್ದರು. ಮೇಷ್ಟ್ರೂ "ಚೆನ್ನಾಗಿ ಬರ್ದಿದೀರಿ" ಅಂದಿದ್ದರು. ಮೆಟ್ಟಿಲು ಅಂತ ಒಂದು ಮಾತು ಹೇಳಬಾರದಿತ್ತಾ?

ಕೇಳಿಯೂ ಬಿಟ್ಟೆ. "ನೀವು ಕೇಳ್ಲಿಲ್ವಲ್ಲ" ಅಂದರು.

ಆಮೇಲೆ, ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, "ನೀವು ಬರೆದಿದ್ದು ಸುಳ್ಳೇನಲ್ಲ" ಅಂತಲೂ ಹೇಳಿದರು. ಮೊದಮೊದಲು ಆ ಸಂದು ಕಂಡರೆ ಸಂಕಟ ಆಗುತ್ತಿತ್ತಂತೆ. ಒಂದು ಮರ ಬರೆದರೆ ಕೊಂಬೆ ಅಲ್ಲಿ ಕಡಿದು ಹೋಗುತ್ತಿತ್ತು. ಕೆಲವು ವರ್ಷ ಸಂದಿನ ಹತ್ತಿರ ಏನೂ ಬರದ ಹಾಗೆ ತಪ್ಪಿಸಿಕೊಂಡು ಬರೆದರು. ಈಗ ಎಲ್ಲಕ್ಕಿಂತ ಮೊದಲು ಸಂದು ಎಲ್ಲಿ ಬರುತ್ತದೆ ಅಂತ ನೋಡಿ, ಅಲ್ಲಿಂದಲೇ ಶುರು ಮಾಡುತ್ತಾರೆ. ಇನ್ನು ನೆಲಮಹಡಿಯ ಮನೆಗೆ ಹೋದರೂ ಎರಡು ತುಂಡಲ್ಲೇ ಬರೆಯುವುದು ಅಂದರು.

ಇದಕ್ಕಿಂತ ಒಳ್ಳೆಯ ಉತ್ತರ ಎಂಟು ವರ್ಷದಲ್ಲಿ ನನಗೆ ಸಿಕ್ಕಿಲ್ಲ, ಇದು ಸಿಕ್ಕಿದ್ದೂ ನನಗಲ್ಲ.

ಅದಾದ ಮೇಲೆ ಯಾರ ಸ್ಟುಡಿಯೋಗೆ ಹೋದರೂ ನಾನು ಚಿತ್ರದ ಬೆನ್ನು ನೋಡುತ್ತೇನೆ. ಯಾವುದರಿಂದ ಮಾಡಿದ್ದು, ಎಲ್ಲಿ ಸಿಕ್ಕಿತು, ಹೇಗೆ ನಿಲ್ಲುತ್ತದೆ, ಯಾರು ಎತ್ತುತ್ತಾರೆ. ಹೀಗೆ ಶುರು ಮಾಡಿದರೆ ಈ "ಅರ್ಥ ಆಗಲ್ಲ" ಅನ್ನುವ ಕಲೆಯ ಅರ್ಧ ಭಾಗ ನಮಗೆ ಮೊದಲೇ ಗೊತ್ತಿರುತ್ತದೆ. ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಅವರನ್ನೇ ತಗೊಳ್ಳಿ. ಗಾಡಿಗೆ ದೃಷ್ಟಿ ಆಗದಿರಲಿ ಅಂತ ಬಂಪರಿಗೆ ಕೂದಲಿನ ಹುರಿ ಕಟ್ಟುತ್ತಾರಲ್ಲ, ಅದೇ ಹುರಿ, ನಾಲ್ಕು ಸಾವಿರ ಮೀಟರ್, ಜೊತೆಗೆ ಕಾರಿನ ಬಂಪರುಗಳು. 2009ರಲ್ಲಿ ಇಟಲಿಯ ವೆನಿಸ್ ಬಿನಾಲೆ ಅನ್ನುವ ದೊಡ್ಡ ಕಲಾಪ್ರದರ್ಶನದಲ್ಲಿ ಇಟ್ಟಿದ್ದರು. ಅಲ್ಲಿಯವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಲಾರಿ ಡ್ರೈವರಿಗೆ ಏನು ಹೇಳುವುದು? ಹರಕೆ ಕೂದಲು, ಭಯ, ರಸ್ತೆ ಎಲ್ಲ ಅವನಿಗೆ ಗೊತ್ತು. ಅದಕ್ಕೂ ಮೊದಲು, 1998ರಲ್ಲಿ, ಉದ್ದುದ್ದ ದಾರಗಳನ್ನು ಸೂಜಿಗಳಿಗೆ ಪೋಣಿಸಿ, ಅಂಟು ಕುಂಕುಮ ಸವರಿ, ಕೆಂಪು ಹಗ್ಗ ಮಾಡಿದ್ದರು. ಹಗ್ಗದ ತುದಿಯಲ್ಲಿ ಆ ಸೂಜಿಗಳೆಲ್ಲ ಗೊಂಚಲಾಗಿ ಹಾಗೇ ಇವೆ. ಸೂಜಿಗೆ ದಾರ ಹಾಕಿ ಗೊತ್ತಿರುವವರು ಅದರ ಮುಂದೆ ಒಂದು ನಿಮಿಷ ನಿಂತರೆ ಸಾಕು.

ಮೈಸೂರಿನ ಕಲಾವಿದ ಎನ್.ಎಸ್. ಹರ್ಷ 190ಕ್ಕೂ ಹೆಚ್ಚು ಹೊಲಿಗೆ ಮಷೀನು ಒಟ್ಟಿದರು, ಕಾಲಲ್ಲಿ ತುಳಿಯುವಂಥವು, ಒಂದೊಂದರ ಮೇಲೆ ಒಂದೊಂದು ದೇಶದ ಬಾವುಟ, ದಾರವೆಲ್ಲ ಸಿಕ್ಕುಸಿಕ್ಕು. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಅಮೆರಿಕಕ್ಕೆ ಹೋಗುವ ಷರ್ಟಿಗೆ ಕಾಲರ್ ಹಚ್ಚಿದವರನ್ನು ಅದರ ಮುಂದೆ ನಿಲ್ಲಿಸಿ ನೋಡಿ, ನಿಮಗೆ ಅವರೇ ಹೇಳಿಕೊಡುತ್ತಾರೆ. ಇನ್ನು ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ರಸ್ತೆ ಗುಂಡಿಯಲ್ಲಿ ಬೊಂಬೆ ಮೊಸಳೆ ಬಿಟ್ಟಾಗ ಅರ್ಥ ಏನು ಅಂತ ಯಾರೂ ಕೇಳಲಿಲ್ಲ. ಪಾಲಿಕೆಯವರಿಗೂ ಅರ್ಥ ಆಗಿತ್ತು.

ಹಾಗಂತ ಎಲ್ಲವೂ ಹೀಗೆ ಸಲೀಸು ಅಂತಲ್ಲ. ಎಷ್ಟು ಹೊತ್ತು ನೋಡಿದರೂ ಏನೂ ಅನ್ನಿಸದ ಕೃತಿಗಳೂ ಇವೆ. ಬೆನ್ನು ನೋಡಿದರೂ ಇಲ್ಲ. ಅಂಥವನ್ನು ಬಿಟ್ಟು ಮುಂದೆ ಹೋಗುತ್ತೇನೆ, ನೀವೂ ಹೋಗಿ. ಗೊತ್ತಾಗಲಿಲ್ಲ ಅಂತ ಯಾರೂ ಮಾರ್ಕ್ಸ್ ಕಡಿಯಲ್ಲ.

ಆದರೆ "ಮಾರಾಟ ಆಗದ್ದು ಎಲ್ಲಿರುತ್ತೆ?" ಅಂತ ನನ್ನನ್ನು ಯಾಕೆ ಯಾರೂ ಕೇಳುವುದಿಲ್ಲ? ಎಷ್ಟಕ್ಕೆ ಮಾರಿದ್ರು ಅಂತ ಕೇಳುತ್ತೀರಿ. ಮಾರದೇ ಉಳಿಯುವುದೇ ಜಾಸ್ತಿ ಅಲ್ವಾ? 2003ರಿಂದ ಪ್ರತಿ ವರ್ಷದ ಶುರುವಿನಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಯುತ್ತಿದೆ. ಮನೆಗೊಂದು ಕಲಾಕೃತಿ ಅನ್ನುವುದು ಅದರ ಮಾತು. ಎಲ್ಲರೂ ಬೆಳಿಗ್ಗೆ ಹೋಗುತ್ತಾರೆ. ಒಮ್ಮೆ ಕತ್ತಲಾದ ಮೇಲೆ ಹೋಗಿ. ಕಲಾವಿದರು ಉಳಿದದ್ದನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ದಾರ ಬಿಗಿದು, ಆಟೋದವನ ಹತ್ತಿರ "ಸ್ವಲ್ಪ ಹೊರಗೆ ಬರುತ್ತೆ ಅಷ್ಟೇ, ನಾನು ಹಿಡ್ಕೋತೀನಿ" ಅಂತ ಚೌಕಾಸಿ ಮಾಡುತ್ತಿರುತ್ತಾರೆ. ಆ ಬೆಡ್‌ಶೀಟಿನ ಗಂಟುಗಳೆಲ್ಲ ಎಲ್ಲಿಗೆ ಹೋಗುತ್ತವೆ? ಬೆಂಗಳೂರಿನ ಹೂಬಿಟ್ಟ ಮರಗಳನ್ನೆಲ್ಲ ಬರೆದಿಟ್ಟ ರುಮಾಲೆ ಚನ್ನಬಸವಯ್ಯನವರ ಚಿತ್ರಗಳಿಗೆ ರಾಜಾಜಿನಗರದಲ್ಲಿ ಒಂದು ಮನೆ ಇದೆ, ಅವರ ಹೆಸರಿನದೇ. ಅದು ಪುಣ್ಯ. ಎಲ್ಲರಿಗೂ ಆ ಪುಣ್ಯ ಇರುವುದಿಲ್ಲ. ಅಪ್ಪನ ಚಿತ್ರಗಳನ್ನು ಏನು ಮಾಡಬೇಕೋ ಗೊತ್ತಾಗದೆ, ಎಸೆಯಲೂ ಆಗದೆ, ಮನೆ ಬದಲಾಯಿಸುವಾಗೆಲ್ಲ ಹೊತ್ತುಕೊಂಡು ತಿರುಗುವ ಮಕ್ಕಳ ಜೊತೆಗೂ ನಾನು ಮಾತಾಡಿದ್ದೇನೆ. ಅದನ್ನು ಯಾವತ್ತಾದರೂ ಬರೆಯಬೇಕು.

ಭಾವ ಊರಿಗೆ ಹೋದ ಮೇಲೆ ಅಕ್ಕನ ಹತ್ತಿರ "ಕಲಾವಿದ್ರ ಜೊತೆ ಮಾತಾಡೋದೇನು ಕಷ್ಟ ಇಲ್ಲ ಬಿಡು" ಅಂದರಂತೆ. ಅಕ್ಕ ಅದನ್ನು ಫೋನಿನಲ್ಲಿ ನಗುತ್ತಾ ಹೇಳಿದಳು. ನಾನು ನಗಲಿಲ್ಲ. ಒಂದು ತಿಂಗಳಾದ ಮೇಲೆ ಬೆಂಗಳೂರಿಗೆ ಬರುವ ಯಾರದೋ ಗಾಡಿಯಲ್ಲಿ ಮೇಷ್ಟ್ರ ಮನೆಗೆ ಗೆದ್ದಲಿನ ಔಷಧಿ ಡಬ್ಬವೂ, ಅಟ್ಟಕ್ಕೆ ಅಳತೆ ಪ್ರಕಾರ ಕೊಯ್ಸಿದ ಪ್ಲೈವುಡ್ ಹಲಗೆಗಳೂ ಬಂದವು. ಅಳತೆ ಯಾವಾಗ ತಗೊಂಡಿದ್ದರೋ ನನಗಂತೂ ಗೊತ್ತಿಲ್ಲ. ಅವರಿಬ್ಬರೂ ಈಗ ನನ್ನನ್ನು ಬಿಟ್ಟೇ ಮಾತಾಡಿಕೊಳ್ಳುತ್ತಾರೆ.

ಮೊನ್ನೆ ಮಾತ್ರ ಭಾವ ನನಗೆ ಫೋನ್ ಮಾಡಿದ್ದರು. ಅಂಗಡಿಯ ಗೋಡೆಗೆ ಮೇಷ್ಟ್ರದ್ದೊಂದು ಚಿತ್ರ ತಗೋಬೇಕಂತೆ.

"ಅರ್ಥ ಆಯ್ತಾ ಭಾವ ಹಂಗಾದ್ರೆ?"

"ಅದು ಇರ್ಲಿ. ನನಗೆ ಕೇಳೋಕೆ ಸಂಕೋಚ, ನೀನೇ ಕೇಳು. ಎರಡು ತುಂಡಿಗೂ ಸೇರಿ ಒಂದೇ ರೇಟಾ, ಬೇರೆ ಬೇರೆನಾ?"

ನಾನಿನ್ನೂ ಕೇಳಿಲ್ಲ.