ವಚನಾ ಹೊಳ್ಳಿ ಕಳಿಸಿದ ಪ್ರೆಸ್ ಅಲ್ಲೇನ್ರಿ ಅದು?

ವಿಜಯಪುರ, ಬಾಗಲಕೋಟೆ ಕಡೆ ಮಂಗಳೂರಿನ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯ ಪ್ರೆಸ್ಸಿನ ಮಾತು ತೆಗೆದರೆ ಈ ಪ್ರಶ್ನೆ ಬಂದೇ ಬರುತ್ತದೆ: “ಹಳಕಟ್ಟಿಯವರ ವಚನಾ ಹೊಳ್ಳಿ ಕಳಿಸಿದ ಪ್ರೆಸ್ ಅಲ್ಲೇನ್ರಿ ಅದು? ತಮ್ಮ ಮತದ ಪುಸ್ತಕಾ ಬಿಟ್ಟು ಕನ್ನಡಕ್ಕ ಅವರು ಮಾಡಿದ್ದಾದರೂ ಏನು?”

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ತಾಳೆಗರಿಗಳಿಂದ ವಚನಗಳನ್ನು ಎತ್ತಿ ಬರೆದು, ಅಚ್ಚಿಗೆಂದು ಮಂಗಳೂರಿಗೆ ಕಳಿಸಿದರು, ಅದು ಅಚ್ಚಾಗದೆ ತಿರುಗಿ ಬಂತು ಎಂಬುದು ಅವರ ಜೀವನಚರಿತ್ರೆ ಹೇಳುವವರೆಲ್ಲ ಹೇಳುವ ಪ್ರಸಂಗ. ಈ ವಚನಗಳು ಹೊರಬಿದ್ದರೆ ತಮ್ಮ ಪ್ರಚಾರಕ್ಕೆ ಅಡ್ಡಿ ಎಂದು ಮಿಶನರಿಗಳಿಗೆ ಅನ್ನಿಸಿತಂತೆ. ಕಡೆಗೆ 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ ಬೆಳಗಾವಿಯ ಮಹಾವೀರ ಪ್ರೆಸ್ಸಿನಲ್ಲಿ ಅಚ್ಚಾಯಿತು.

ಈಗ ಇದರ ಪಕ್ಕಕ್ಕೆ ಇನ್ನೊಂದು ಸಂಗತಿ ಇಟ್ಟು ನೋಡಿ. ಅದಕ್ಕೂ ಎಪ್ಪತ್ತು ವರ್ಷ ಮೊದಲು, ಭೀಮಕವಿಯ ಬಸವಪುರಾಣವನ್ನೂ ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣವನ್ನೂ ಅಚ್ಚು ಹಾಕಿದ್ದು ಇದೇ ಪ್ರೆಸ್. 1848ರಿಂದ ಮುಂದಿನ ಕೆಲವು ವರ್ಷ ಬಾಸೆಲ್ ಮಿಶನರಿ ಹರ್ಮನ್ ಮೋಗ್ಲಿಂಗ್ ಹೊರತಂದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಇವೆರಡೂ ಇವೆ. ಜೈಮಿನಿ ಭಾರತ, ದಾಸರ ಪದಗಳೂ ಇವೆ. ಆದ್ದರಿಂದ ಶರಣರ ಹೆಸರು ಕೇಳಿದರೆ ಪ್ರೆಸ್ಸಿಗೆ ಆಗುತ್ತಿರಲಿಲ್ಲ ಎಂಬ ವಿವರಣೆ ನಿಲ್ಲುವುದಿಲ್ಲ. ಹಾಗಂತ ಅವರಿಗೆ ನಮ್ಮ ಪುರಾಣಗಳ ಮೇಲೆ ಭಕ್ತಿ ಉಕ್ಕಿತ್ತು ಎಂಬುದೂ ಸುಳ್ಳು. ಯಾವ ಪುಸ್ತಕಕ್ಕೆ ಯಾರು ದುಡ್ಡು ಕೊಟ್ಟರು, ಯಾರು ಓದಲೆಂದು ಕೊಟ್ಟರು ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ.

ಬಿಬ್ಲಿಯೊಥೆಕಾ ಮಾಲೆಗೆ ದುಡ್ಡು ಕೊಟ್ಟವರು ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ಆ ಪುಸ್ತಕಗಳಿಂದ ಮಿಶನ್ನಿಗೂ ಲಾಭವಿತ್ತು. ಲಿಂಗಾಯತರ ಊರುಗಳಲ್ಲಿ ನಿಂತು ಬೋಧಿಸಬೇಕಾದವನಿಗೆ ಅವರ ಪುರಾಣ, ಅವರ ಮಾತು ಗೊತ್ತಿರಬೇಕಲ್ಲ! ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ, 1851ರಲ್ಲಿ ನೇಕಾರರ ಊರು ಗುಳೇದಗುಡ್ಡಕ್ಕೆ, 1885ರಲ್ಲಿ ವಿಜಯಪುರಕ್ಕೆ ಬಂತು. (ಬೆಳಗಾವಿಯದು ಬೇರೆ ಕಥೆ, ಅಲ್ಲಿಗೆ 1820ರಲ್ಲೇ ಬಂದದ್ದು ಲಂಡನ್ ಮಿಶನ್.) ಬಸವಪುರಾಣದ ಇಂಗ್ಲಿಷ್ ಸಾರಾಂಶ ಬರೆದ ವೂರ್ತ್ ಕೂಡ ಬಾಸೆಲ್ ಮಿಶನರಿಯೇ.

ಮಾಲೆ ಅಚ್ಚಾದ ಬಗೆಯನ್ನೂ ತಿಳಿಯಬೇಕು. 1841ರಲ್ಲಿ ಶುರುವಾದ ಪ್ರೆಸ್ಸಿನಲ್ಲಿ ಮೊದಲ ಹತ್ತು ವರ್ಷ ಇದ್ದದ್ದು ಕಲ್ಲಚ್ಚು. 1843ರ ಜುಲೈ 1ರಂದು ಹೊರಟ ‘ಮಂಗಳೂರ ಸಮಾಚಾರ’ವೂ ಕಲ್ಲಚ್ಚಿನದೇ. ಕೈಬರಹ ಚೆನ್ನಾಗಿದ್ದವನು ಅಂಟು ಸವರಿದ ಕಾಗದದ ಮೇಲೆ ಜಿಡ್ಡಿನ ಮಸಿಯಲ್ಲಿ ಪುಟ ಬರೆಯುತ್ತಾನೆ. ಅದನ್ನು ನುಣ್ಣಗೆ ಅರೆದ ಸುಣ್ಣಕಲ್ಲಿನ ಮೇಲೆ ಬೋರಲು ಹಾಕಿ ಒತ್ತಿದರೆ ಬರಹ ತಿರುವುಮುರುವಾಗಿ ಕಲ್ಲಿಗೆ ಇಳಿಯುತ್ತದೆ. ಮೇಲೆ ಗೋಂದು ಮತ್ತು ತೆಳು ಆಮ್ಲ ಸವರಿ, ಒದ್ದೆ ಸ್ಪಂಜು ಆಡಿಸಿ, ಮಸಿಯ ರೋಲರ್ ಉರುಳಿಸಬೇಕು. ಜಿಡ್ಡಿದ್ದಲ್ಲಿ ಮಸಿ ಹತ್ತುತ್ತದೆ, ನೀರಿದ್ದಲ್ಲಿ ಹತ್ತುವುದಿಲ್ಲ. ಕಲ್ಲು ಒಣಗಿತೋ, ಖಾಲಿ ಜಾಗಕ್ಕೂ ಮಸಿ ಮೆತ್ತಿ ಪುಟ ಕೊಳೆಯಾಗುತ್ತದೆ. ನೀರು ಹೆಚ್ಚಾಯಿತೋ, ಅಕ್ಷರ ತೇಲಿಸಿದಂತೆ ಬರುತ್ತದೆ. ಪ್ರತಿಗಳು ಹೆಚ್ಚಿದಂತೆ ಗೆರೆ ದಪ್ಪಗಾಗಿ ಅಕ್ಷರದ ಹೊಟ್ಟೆ ಮುಚ್ಚಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಕಲ್ಲನ್ನು ಅರೆದು ಮುಂದಿನ ಪುಟಕ್ಕೆ ಬಳಸುವುದರಿಂದ ಮರುಮುದ್ರಣವೆಂದರೆ ಮತ್ತೆ ಮೊದಲಿನಿಂದ ಬರೆಯಬೇಕು. ಇಷ್ಟೆಲ್ಲ ಇದ್ದರೂ ಮೊಳೆ, ಅಂದರೆ ಸೀಸದ ಬಿಡಿ ಅಚ್ಚಕ್ಷರ, ಇಲ್ಲದ ಕಾಲಕ್ಕೆ ಕನ್ನಡದಂಥ ಲಿಪಿಗೆ ಇದೇ ಸಲೀಸು: ಎಂಥ ಒತ್ತಕ್ಷರ ಬರಲಿ, ಬರೆಯುವವನ ಕೈ ತಡೆಯುವುದಿಲ್ಲ.

1850ರ ದಶಕದ ಆರಂಭದಲ್ಲಿ ಪ್ಲೆಬ್ಸ್ಟ್ ಎಂಬ ಮುದ್ರಕ ಬಂದ ಮೇಲೆ ಪ್ರೆಸ್ಸಿಗೆ ಮೊಳೆ ಬಂತು, ಹೊಸ ತಲೆನೋವೂ ಬಂತು. ಗುಣಿತಾಕ್ಷರ, ಒತ್ತು ಎಲ್ಲ ಸೇರಿ ಕನ್ನಡಕ್ಕೆ ನೂರಾರು ಬಗೆಯ ಮೊಳೆ ಬೇಕು. ‘ಸ್ತ್ರೀ’ ಎಂದು ಜೋಡಿಸಲು ಮೇಲೆ ಒಂದು ಸಾಲು, ಕೆಳಗೆ ಒತ್ತುಗಳಿಗೆ ಇನ್ನೊಂದು ಸಾಲು. ನಡುವೆ ತುಂಬಿದ ಖಾಲಿ ಸೀಸ ಒಂದು ಕೂದಲೆಳೆ ಸಡಿಲವಾದರೂ ಒತ್ತು ಪಕ್ಕದ ಅಕ್ಷರದ ಕೆಳಗೆ ಸರಿಯುತ್ತದೆ. ಸವೆದ ಮೊಳೆಯಲ್ಲಿ ಮೊದಲು ಹೋಗುವುದು ಮಹಾಪ್ರಾಣದ ಕೆಳಗಿನ ಸಣ್ಣ ಸೀಳು. ‘ಧನ’ ‘ದನ’ವಾಗುತ್ತದೆ, ‘ಫಲ’ ‘ಪಲ’ವಾಗುತ್ತದೆ. ಹಳೆಯ ಪುಸ್ತಕದಲ್ಲಿ ಇಂಥದು ಕಂಡ ಕೂಡಲೇ “ಜರ್ಮನರಿಗೆ ಕನ್ನಡ ಬರುತ್ತಿರಲಿಲ್ಲ” ಎನ್ನುವವರಿದ್ದಾರೆ. ಅದೇ ಪುಟದ ಉಳಿದ ‘ಧ’ಗಳನ್ನು ನೋಡಿ ಆಮೇಲೆ ಹೇಳಲಿ.

ಮೊಳೆ ಬಂದ ಮೇಲೆ ಪ್ರೆಸ್ಸಿನ ಸ್ವಭಾವವೂ ಬದಲಾಯಿತು. ಸೀಸ, ಯಂತ್ರ, ಜೋಡಿಸುವವರ ಸಂಬಳ ಎಂದು ಖರ್ಚು ಕಾಯಂ ಆದಾಗ ಸುವಾರ್ತೆಯ ಬಿಡಿ ಭಾಗಗಳು, ಕೀರ್ತನೆ, ಕರಪತ್ರಗಳಿಂದಷ್ಟೇ ಗಾಡಿ ಓಡುವುದಿಲ್ಲ. ಅವು ಅಸಲಿಗಿಂತ ಕಡಿಮೆಗೆ ಹೋಗುವಂಥವು. ಹೊರಗಿನ ಆರ್ಡರ್ ಬೇಕೇ ಬೇಕು. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಜಿಲ್ಲೆಗಳ ಕನ್ನಡ ಶಾಲೆಗೆ ಮಂಗಳೂರಿನಲ್ಲಿ ಅಚ್ಚಾದ ಪಠ್ಯಪುಸ್ತಕ ಬಂದದ್ದು ಇದೇ ದಾರಿಯಲ್ಲಿ. ನಿಘಂಟುಗಳೂ ಓದುವ ಹುಡುಗರನ್ನು ನೋಡಿಯೇ ಬಂದವು: 1876ರಲ್ಲಿ ಜೀಗ್ಲರ್ ಅವರ ಶಾಲಾ ನಿಘಂಟು, 1899ರಲ್ಲಿ ಬುಚರ್ ಅವರದು. ನಡುವೆ, 1894ರಲ್ಲಿ, ಸುಮಾರು 70,000 ಪದಗಳ ಕಿಟ್ಟೆಲ್ ಕೋಶ. ಮತಪ್ರಚಾರದ ಸಂಸ್ಥೆಯೊಂದು ಇಷ್ಟು ದೊಡ್ಡ ಕೋಶಕ್ಕೆ ಕೈ ಹಾಕಿದ್ದು ನನ್ನ ಲೆಕ್ಕದಲ್ಲಿ ಈ ಪ್ರೆಸ್ಸಿನ ಎಲ್ಲ ಕೆಲಸಕ್ಕಿಂತ ಮೇಲು. ಕರಪತ್ರಗಳನ್ನು ಇವತ್ತು ಓದುವವರಿಲ್ಲ, ಕೋಶ ಇನ್ನೂ ಮೇಜಿನ ಮೇಲಿದೆ.

ಹಳಕಟ್ಟಿಯವರ ವಚನಗಳ ಕಟ್ಟು ಮಂಗಳೂರಿಗೆ ಹೋಗುವ ಹೊತ್ತಿಗೆ ಮೋಗ್ಲಿಂಗ್ ತೀರಿಕೊಂಡು ನಾಲ್ಕು ದಶಕ ಆಗಿತ್ತು, ಕಿಟ್ಟೆಲ್ ಕೂಡ ಇರಲಿಲ್ಲ. 1914ರ ಯುದ್ಧದಲ್ಲಿ ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರ್ಕಾರ ಸೆರೆಯಲ್ಲಿಟ್ಟು ಆಮೇಲೆ ದೇಶ ಬಿಡಿಸಿತ್ತು. ಅದಲ್ಲದೆ ಪುರಾಣ ಬೇರೆ, ವಚನ ಬೇರೆ. ಪವಾಡದ ಕಥೆಗಳನ್ನು ಅಚ್ಚು ಹಾಕಿ ಅವುಗಳ ಜತೆ ವಾದಕ್ಕೆ ನಿಲ್ಲುವುದು ಮಿಶನರಿಗೆ ಸುಲಭ. ಒಬ್ಬನೇ ದೇವರು, ಕಾಯಕ, ಜಾತಿಯಿಲ್ಲ ಎಂದು ನೇರ ಕನ್ನಡದಲ್ಲಿ ಹೇಳುವ ಬರಹದೆದುರು ಅಷ್ಟು ಸುಲಭವಲ್ಲ. ಜನ ಹೇಳುವ ಕಾರಣದಲ್ಲಿ ಹುರುಳಿದ್ದರೆ ಅದು ಇಲ್ಲಿದೆ.

ಮನೆಯಲ್ಲಿ ಹಳೆಯ ಪ್ರತಿ ಇದ್ದವರು ಶೀರ್ಷಿಕೆ ಪುಟವನ್ನು ನಿಧಾನ ಓದಿ. ‘ಬಾಸೆಲ್ ಮಿಶನ್ ಬುಕ್ ಅಂಡ್ ಟ್ರ್ಯಾಕ್ಟ್ ಡಿಪಾಸಿಟರಿ’ ಎಂದಿದ್ದರೆ ಮಿಶನ್ ತಾನೇ ಪ್ರಕಟಿಸಿ ಮಾರಿದ್ದು. ಬೇರೆಯವರ ಹೆಸರಿದ್ದು ಕೆಳಗೆ ‘ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಮುದ್ರಿತ’ ಎಂದಷ್ಟೇ ಇದ್ದರೆ ಅದು ಕೂಲಿ ಅಚ್ಚು. ಒಳಗಿನ ಮಾತಿಗೆ ಮಿಶನ್ ಹೊಣೆಯಲ್ಲ. ಹಳಕಟ್ಟಿಯವರು ಕೇಳಿದ್ದು ಈ ಎರಡನೆಯದನ್ನು. ಪುಟದ ಹಿಂಬದಿಗೆ ಬೆರಳಾಡಿಸಿ: ಅಕ್ಷರ ಉಬ್ಬಿದ್ದರೆ ಮೊಳೆ, ನುಣುಪಾಗಿದ್ದು ಒಂದೊಂದು ‘ಅ’ ಒಂದೊಂದು ತರಹ ಇದ್ದರೆ ಕಲ್ಲಚ್ಚು. ಕಲ್ಲಚ್ಚಿನ ಕಾಲದ ಚಿಂದಿ ಬಟ್ಟೆಯ ಕಾಗದ ಗಟ್ಟಿ. ನಂತರದ ಮರದ ತಿರುಳಿನ ಕಾಗದ ಕಂದಿ ಪುಡಿಯಾಗುತ್ತದೆ. ಎರಡಕ್ಕೂ ಸೆಲೋಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಬೇಡವೇ ಬೇಡ.

ಇನ್ನು ಹಳಕಟ್ಟಿಯವರು ಮುಂದೇನು ಮಾಡಿದರು ಎಂದು ಕೇಳುವವರಿಗೆ: 1925ರಲ್ಲಿ ವಿಜಯಪುರದಲ್ಲೇ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ಶುರುಮಾಡಿದರು. ಆಮೇಲೆ ಮಂಗಳೂರಿನ ಹಂಗು ಅವರಿಗೆ ಬೀಳಲಿಲ್ಲ.